ಓಡಿಹೋದ ಹಂದಿಯ ಗುಂಡು

ಮಾತನಾಡುವವರು ಇಬ್ಬರು. ಒಬ್ಬರು ಮೂಡುಬಿದಿರೆ ಹತ್ತಿರದ ಮಿಜಾರಿನ ಅಡಿಕೆ ಕೃಷಿಕರು. ಬೆಳೆ ರಕ್ಷಣೆಯ ಪರವಾನಗಿ ಪಡೆದ ಹನ್ನೆರಡು ಬೋರಿನ ಕೋವಿ ಅವರ ಮನೆಯಲ್ಲಿ ಹಿರಿಯರ ಕಾಲದಿಂದ ಇದೆ. ಇನ್ನೊಬ್ಬ ಅವರ ತಂಗಿಯ ಮಗ; ಮಿಜಾರಿನಲ್ಲೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಲೋಹ ಕಡೆಯುವ ಸಿಎನ್‌ಸಿ ಲೇತಿನ ಕೆಲಸದಲ್ಲಿ ಇರುವವನು.

ಮಾವ: ಅಲ್ಲ ಅಳಿಯ, ದೊಡ್ಡ ಮೃಗದ ಬೇಟೆಗೆ ಈಗ ತಾಮ್ರದ ಗುಂಡು ಅಂತೀಯಲ್ಲ, ಅದನ್ನು ನಂಬುವುದು ಹೇಗೆ? ಕೋವಿಯ ಅಳತೆಯೇ ಸೀಸದ್ದು ಮಾರಾಯ. ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮ ಉಂಡೆ ಮಾಡಿದರೆ, ಒಂದು ಉಂಡೆ ಸರಿಯಾಗಿ ಕೂರುವ ನಳಿಗೆಗೆ ಹನ್ನೆರಡು ಬೋರು ಎನ್ನುತ್ತಾರೆ. ಗುಂಡೂ ಸೀಸ, ಚರೆಯೂ ಸೀಸ. ಕೇಪಿನ ಕೋವಿಯ ಕಾಲದಲ್ಲಿ ಮನೆಯ ಒಲೆಯಲ್ಲೇ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು.

ಅಳಿಯ: ಸೀಸ ಅಷ್ಟು ಕಾಲ ಆಳಿದ್ದು ಆ ಒಲೆಯಿಂದಲೇ ಮಾವ. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು. ತಾಮ್ರಕ್ಕೆ 1085 ಬೇಕು. ಸೀಸ ಅಗ್ಗ, ಮೆದು, ಭಾರ. ಬಡಿದಲ್ಲಿ ಚಪ್ಪಟೆಯಾಗಿ ದೊಡ್ಡ ಗಾಯ ಮಾಡುತ್ತದೆ. ಹೆಚ್ಚು ಬಲ ಬೇಕಿದ್ದರೆ ಉಂಡೆಯನ್ನೇ ದೊಡ್ಡದು ಮಾಡುತ್ತಿದ್ದರು. ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ತನ್ನ ಕಾಡಿನ ಅನುಭವಗಳ ಪುಸ್ತಕ ಪ್ರಕಟಿಸಿದ. ಆಗ ಆನೆಗೆ 4 ಬೋರು, 8 ಬೋರಿನ ಕೋವಿಗಳೇ ಬೇಕಿತ್ತು. 4 ಬೋರು ಎಂದರೆ ಪೌಂಡಿಗೆ ನಾಲ್ಕೇ ಉಂಡೆ. ದಪ್ಪ ಚರ್ಮ, ಎಲುಬು ಇರುವ ಮೃಗಕ್ಕೆ ಬರೀ ಸೀಸ ಸಾಲದೆಂದು ತವರವನ್ನೋ ಪಾದರಸವನ್ನೋ ಬೆರೆಸಿ ಗಟ್ಟಿ ಮಾಡುವ ಪದ್ಧತಿಯೂ ಇತ್ತು.

ಮಾವ: ಹಾಗಾದರೆ ಸೀಸ ಕೆಟ್ಟದ್ದಾದದ್ದು ಯಾವಾಗ?

ಅಳಿಯ: ಮೊದಲು ಕೆಟ್ಟದ್ದು ವೇಗ ಹೆಚ್ಚಾದಾಗ. 1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂತು, ಗುಂಡಿನ ವೇಗ ಬಹಳ ಏರಿತು. ಆ ವೇಗದಲ್ಲಿ ಮೆದು ಸೀಸ ನಳಿಗೆಯೊಳಗೇ ಮೆತ್ತಿಕೊಳ್ಳತೊಡಗಿತು. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರುಬಿನ್ 1882ರಲ್ಲೇ ಸೀಸದ ಮೇಲೆ ತಾಮ್ರದ ಹೊದಿಕೆ ಹಾಕಿದ್ದ. ನಳಿಗೆಗೆ ಅದು ಒಳ್ಳೆಯದಾಯಿತು, ಆದರೆ ಗಾಯ ಸಣ್ಣದಾಯಿತು. ಹೊದಿಕೆಯ ಗುಂಡು ಅರಳದೆ ನೇರ ಹೊಕ್ಕು ನೇರ ಹೊರಗೆ ಹೋಗುತ್ತಿತ್ತು. ಅದಕ್ಕೆ ಮದ್ದು ಹುಡುಕಿದ್ದು ನಮ್ಮ ದೇಶದಲ್ಲೇ. ಕಲ್ಕತ್ತದ ಹತ್ತಿರದ ಡಮ್ ಡಮ್ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ 1890ರ ದಶಕದಲ್ಲಿ ಗುಂಡಿನ ಮೂತಿಯಲ್ಲಿ ಹೊದಿಕೆ ತೆರೆದಿಟ್ಟು, ಸೀಸ ಹೊರಗೆ ಕಾಣುವಂತೆ ಮಾಡಿದ. ಮೈಗೆ ಬಡಿದೊಡನೆ ಅದು ಅರಳುತ್ತಿತ್ತು.

ಮಾವ: ಡಮ್ ಡಮ್ ಗುಂಡು ಯುದ್ಧದಲ್ಲಿ ನಿಷೇಧ ಅಲ್ವಾ?

ಅಳಿಯ: ಹೌದು, 1899ರ ಹೇಗ್ ಘೋಷಣೆ ಅದನ್ನು ನಿಷೇಧಿಸಿತು. ಆದರೆ ಬೇಟೆಯಲ್ಲಿ ಇದು ತಿರುಗುಮುರುಗು. ಇಂಗ್ಲೆಂಡಿನ ಜಿಂಕೆ ಕಾಯ್ದೆ ರೈಫಲಿಗೆ ಅರಳುವ ಗುಂಡನ್ನೇ ಬಳಸಬೇಕು ಎನ್ನುತ್ತದೆ. ಮನುಷ್ಯನಿಗೆ ಕ್ರೂರ ಎಂದು ಬಿಟ್ಟದ್ದು ಪ್ರಾಣಿಗೆ ಕಡ್ಡಾಯ.

ಮಾವ: ಅದರಲ್ಲಿ ವಿಚಿತ್ರ ಎಂತ ಇಲ್ಲ. ಗಾಯಗೊಂಡ ಸಿಪಾಯಿ ಆಸ್ಪತ್ರೆಗೆ ಹೋಗುತ್ತಾನೆ. ಗಾಯಗೊಂಡ ಹಂದಿಗೆ ಆಸ್ಪತ್ರೆ ಎಲ್ಲುಂಟು? ಅದು ಪೊದೆಯೊಳಗೆ ನಾಲ್ಕು ದಿವಸ ನರಳಿ ಸಾಯಬೇಕು, ಇಲ್ಲವೇ ಕುಂಟಿಕೊಂಡು ಎದುರು ಸಿಕ್ಕವರ ಮೇಲೆ ಬೀಳಬೇಕು. ಕೊಲ್ಲುವುದೇ ಆದರೆ ಅಲ್ಲೇ ಬೀಳುವ ಹಾಗೆ ಕೊಲ್ಲಬೇಕು. ನಮ್ಮ ಬೋಂಟೆಯ, ಅಂದರೆ ಬೇಟೆಯ, ಹಿರಿಯರೂ ಅದನ್ನೇ ಹೇಳುತ್ತಿದ್ದದ್ದು. ಈಡು ಹೊಡೆದವನೇ ರಕ್ತದ ಜಾಡು ಹಿಡಿಯಬೇಕು.

ಅಳಿಯ: ಸೀಸ ಎರಡನೇ ಸಲ ಕೆಟ್ಟದ್ದು ಆ ಜಾಡಿನಲ್ಲೇ. ವೇಗವಾಗಿ ಬಂದ ಸೀಸದ ಗುಂಡು ಮೈಯೊಳಗೆ ಬರೀ ಅರಳುವುದಿಲ್ಲ, ಪುಡಿಯಾಗುತ್ತದೆ. ಮೂರನೇ ಒಂದು ಪಾಲು ತೂಕ ಕಳೆದುಕೊಳ್ಳುವುದು ಅಪರೂಪವಲ್ಲ. ಆ ಚೂರುಗಳಲ್ಲಿ ಹಲವು ಕಣ್ಣಿಗೆ ಕಾಣದಷ್ಟು ಸಣ್ಣವು, ಗಾಯದಿಂದ ಬಹಳ ದೂರಕ್ಕೂ ಚದುರಿರುತ್ತವೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೇಟೆಯಾದ ಜಿಂಕೆಗಳ ಕರುಳಿನ ರಾಶಿಗಳನ್ನು ಎಕ್ಸ್‌ರೇಯಲ್ಲಿ ನೋಡಿದರು. 20 ರಾಶಿಗಳಲ್ಲಿ 18ರಲ್ಲಿ ಸೀಸದ ಚೂರು ಇತ್ತು. ಕರುಳನ್ನು ಬೇಟೆಗಾರ ಕಾಡಿನಲ್ಲೇ ಬಿಟ್ಟು ಹೋಗುತ್ತಾನೆ, ಹದ್ದು ತಿನ್ನುತ್ತದೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ದೊಡ್ಡ ರಣಹದ್ದು ಅಳಿವಿನ ಅಂಚಿಗೆ ಬಂದು, 1987ರಲ್ಲಿ ಜಗತ್ತಿನಲ್ಲಿ ಉಳಿದಿದ್ದದ್ದು 27 ಹಕ್ಕಿ ಮಾತ್ರ. ಎಲ್ಲವನ್ನೂ ಹಿಡಿದು, ಮರಿ ಮಾಡಿಸಿ, 1992ರಿಂದ ಮತ್ತೆ ಕಾಡಿಗೆ ಬಿಟ್ಟರು. ಬಿಟ್ಟ ಹಕ್ಕಿಗಳು ಮತ್ತೆ ಸೀಸದ ವಿಷಕ್ಕೇ ಸಾಯತೊಡಗಿದವು. ಕೊನೆಗೆ ಆ ರಾಜ್ಯ 2013ರಲ್ಲಿ ಕಾಯ್ದೆ ಮಾಡಿ, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಲ್ಲಿಸಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆ ನಿಲ್ಲಿಸಿತ್ತು, 2024ರಲ್ಲಿ ರೈಫಲಿನ ಸೀಸದ ಗುಂಡನ್ನೂ ನಿಲ್ಲಿಸಿತು.

ಮಾವ: ತಿನ್ನುವವರಿಗೆ?

ಅಳಿಯ: ನಾರ್ತ್ ಡಕೋಟಾದಲ್ಲಿ 2008ರಲ್ಲಿ ಬೇಟೆಗಾರರು ಬಡವರಿಗೆಂದು ದಾನ ಕೊಟ್ಟ ಜಿಂಕೆ ಮಾಂಸದಲ್ಲಿ ಸೀಸ ಕಂಡು, ಅದನ್ನು ಹಂಚಬೇಡಿ ಎಂದು ಆರೋಗ್ಯ ಇಲಾಖೆಯೇ ಹೇಳಬೇಕಾಯಿತು. ಸೀಸಕ್ಕೆ ಇಷ್ಟರವರೆಗೆ ತೊಂದರೆಯಿಲ್ಲ ಎಂಬ ಮಿತಿಯೇ ಇಲ್ಲ ಮಾವ. ಮಕ್ಕಳ ಮಿದುಳಿಗೆ ಅದು ಬಹಳ ಕೆಟ್ಟದ್ದು.

ಮಾವ: ಆದರೆ ನಮ್ಮಲ್ಲಿ ರಣಹದ್ದು ಸತ್ತದ್ದು ಸೀಸದಿಂದ ಅಲ್ಲ. ದನದ ಮದ್ದಿನಿಂದ ಎಂದು ಓದಿದ್ದೇನೆ.

ಅಳಿಯ: ಡೈಕ್ಲೋಫೆನಾಕಿನಿಂದ. ಅದನ್ನು ಪಶುವೈದ್ಯದಲ್ಲಿ 2006ರಲ್ಲಿ ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಎಂದು ಘೋಷಿಸಿದ್ದು ಆಮೇಲೆ. ವಿಷ ಬೇರೆ, ದಾರಿ ಒಂದೇ: ಸತ್ತ ಪ್ರಾಣಿಯ ಮೈಯಲ್ಲಿ ನಾವು ಬಿಟ್ಟದ್ದು ಅದನ್ನು ತಿಂದ ಹಕ್ಕಿಯ ಹೊಟ್ಟೆಗೆ. ಆ ದಾರಿ ಎಷ್ಟು ಬೇಗ ಒಂದು ಹಕ್ಕಿಯ ಕುಲವನ್ನೇ ಒರೆಸಿ ಹಾಕುತ್ತದೆ ಎಂಬುದಕ್ಕೆ ನಮ್ಮ ದೇಶಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

ಮಾವ: ಸರಿ. ಹಾಗಾದರೆ ಸೀಸ ತೆಗೆದು ತಾಮ್ರ ಹಾಕಿದರಾಯಿತು. ಅದರಲ್ಲಿ ವಿನ್ಯಾಸ ಎಂತ, ಪರೀಕ್ಷೆ ಎಂತ?

ಅಳಿಯ: ಅಷ್ಟು ಸುಲಭ ಇದ್ದಿದ್ದರೆ ನೂರು ವರ್ಷ ಹಿಂದೆಯೇ ಆಗುತ್ತಿತ್ತು. ಒಂದೇ ಲೋಹದ ಗುಂಡು ಹೊಸತಲ್ಲ. ಫ್ರಾನ್ಸಿನ ಸೈನ್ಯ 1898ರಲ್ಲೇ ತನ್ನ ಲೆಬೆಲ್ ರೈಫಲಿಗೆ ನೂರಕ್ಕೆ 90ರಷ್ಟು ತಾಮ್ರ, ಉಳಿದದ್ದು ಸತು ಇರುವ ಇಡಿಯ ಗುಂಡನ್ನು ತಂದಿತ್ತು. ಅದು ಅರಳುವ ಗುಂಡಲ್ಲ. ಬೇಟೆಗೆ ಬೇಕಾದದ್ದು ಅರಳುವ ತಾಮ್ರ. ಅದನ್ನು ಮಾರುಕಟ್ಟೆಗೆ ಗಟ್ಟಿಯಾಗಿ ತಂದದ್ದು ಅಮೆರಿಕದ ಬಾರ್ನ್ಸ್ ಕಂಪನಿ, 1989ರಲ್ಲಿ, ಎಕ್ಸ್ ಬುಲೆಟ್ ಎಂಬ ಹೆಸರಿನಲ್ಲಿ. ಅದನ್ನು ರೂಪಿಸಿದವರು ರ‍್ಯಾಂಡಿ ಬ್ರೂಕ್ಸ್. ಮೂತಿಯಲ್ಲಿ ಒಂದು ಕುಳಿ. ಬಡಿದಾಗ ಮೈಯ ನೀರು, ಮಾಂಸ ಆ ಕುಳಿಯೊಳಗೆ ನುಗ್ಗಿ ಗೋಡೆಯನ್ನು ಹೊರಗೆ ತಳ್ಳುತ್ತದೆ. ಗೋಡೆ ನಾಲ್ಕು ಎಸಳಾಗಿ ಸೀಳಿ ಹಿಂದಕ್ಕೆ ಬಾಗುತ್ತದೆ. ಗುಂಡಿನ ಅಗಲ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಆಗುತ್ತದೆ, ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ.

ಮಾವ: ಕೇಳುವುದಕ್ಕೆ ಚಂದ ಉಂಟು. ತೊಡಕು ಎಲ್ಲಿ?

ಅಳಿಯ: ಮೊದಲನೆಯದು ಉದ್ದ. ಒಂದು ಘನ ಸೆಂಟಿಮೀಟರ್ ಸೀಸ 11.34 ಗ್ರಾಂ ತೂಗಿದರೆ ತಾಮ್ರ 8.96 ಗ್ರಾಂ. ದಪ್ಪ ಬದಲಿಸುವಂತಿಲ್ಲ, ನಳಿಗೆ ಇದ್ದಷ್ಟೇ ಇರುತ್ತದೆ. ತೂಕ ಅಷ್ಟೇ ಬೇಕಾದರೆ ಗುಂಡು ಉದ್ದವಾಗಬೇಕು. ಉದ್ದದ ಗುಂಡು ಗಾಳಿಯಲ್ಲಿ ಮಗುಚಲು ನೋಡುತ್ತದೆ. ಬುಗುರಿ ಬೀಳದೆ ನಿಲ್ಲುವುದು ತಿರುಗುವುದರಿಂದಲ್ವಾ, ಗುಂಡೂ ಹಾಗೆಯೇ. ರೈಫಲ್ ನಳಿಗೆಯೊಳಗಿನ ಸುರುಳಿ ಗೀರುಗಳು ಅದನ್ನು ತಿರುಗಿಸುತ್ತವೆ. ಎಷ್ಟು ಉದ್ದದ ಗುಂಡಿಗೆ ಎಷ್ಟು ಬಿಗಿಯ ಸುರುಳಿ ಬೇಕು ಎಂಬುದಕ್ಕೆ 1879ರಲ್ಲಿ ಗ್ರೀನ್‌ಹಿಲ್ ಎಂಬ ಗಣಿತಜ್ಞ ಒಂದು ಸರಳ ಸೂತ್ರ ಕೊಟ್ಟ. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ, ಒಂದು ಪೂರ್ತಿ ಸುತ್ತಿಗೆ ನಳಿಗೆಯಲ್ಲಿ ಎಷ್ಟು ಉದ್ದ ಬೇಕೆಂದು ಸಿಗುತ್ತದೆ. 7.8 ಮಿ.ಮೀ. ದಪ್ಪ, 30 ಮಿ.ಮೀ. ಉದ್ದದ ಸೀಸದ ತಿರುಳಿನ ಗುಂಡಿಗೆ ಸುಮಾರು 300 ಮಿ.ಮೀ.ಗೆ ಒಂದು ಸುತ್ತು ಸಾಕು. ಅದೇ ದಪ್ಪದ 35 ಮಿ.ಮೀ. ಉದ್ದದ ತಾಮ್ರದ ಗುಂಡಿಗೆ, ತಾಮ್ರ ಹಗುರ ಎಂಬ ಲೆಕ್ಕವನ್ನೂ ಸೇರಿಸಿದರೆ, 240 ಮಿ.ಮೀ.ಗೇ ಒಂದು ಸುತ್ತು ಬೇಕು. ಸೆಕೆಂಡಿಗೆ 850 ಮೀಟರ್ ವೇಗದಲ್ಲಿ ಹೊರಟರೆ ಅದು ನಿಮಿಷಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ತಿರುಗುತ್ತದೆ. ಹಳೆಯ ರೈಫಲಿನ ಸಡಿಲ ಸುರುಳಿಗೆ ಹೊಸ ಉದ್ದ ಗುಂಡು ಹಾಕಿದರೆ ಗುರಿ ತಪ್ಪುತ್ತದೆ, ಕೆಲವೊಮ್ಮೆ ಗುಂಡು ಅಡ್ಡಡ್ಡ ಹೋಗಿ ಬಡಿಯುತ್ತದೆ.

ಮಾವ: ಹಾಗಾದರೆ ತೂಕವನ್ನೇ ಕಡಿಮೆ ಮಾಡಿದರೆ ಆಗುವುದಿಲ್ಲವಾ?

ಅಳಿಯ: ತಿಳಿದವರು ಮಾಡುವುದು ಅದನ್ನೇ. ತಾಮ್ರದ ಗುಂಡು ಹಗುರ ಇದ್ದರೂ ನಡೆಯುತ್ತದೆ, ಏಕೆಂದರೆ ಅದು ಪುಡಿಯಾಗಿ ತೂಕ ಕಳೆದುಕೊಳ್ಳುವುದಿಲ್ಲ. ಹಗುರವಾದಷ್ಟು ವೇಗ ಹೆಚ್ಚು, ವೇಗ ಹೆಚ್ಚಾದಷ್ಟು ಎಸಳು ಚೆನ್ನಾಗಿ ಬಿಚ್ಚುತ್ತದೆ.

ಎರಡನೇ ತೊಡಕು ಗಡಸುತನ. ಮೆದು ಸೀಸದ ತಿರುಳಿರುವ ಗುಂಡು ನಳಿಗೆಯ ಗೀರಿಗೆ ಸ್ವಲ್ಪ ಒಗ್ಗಿಕೊಳ್ಳುತ್ತದೆ. ಇಡೀ ತಾಮ್ರ ಒಗ್ಗುವುದಿಲ್ಲ. ಅದನ್ನು ಒತ್ತಿ ಸುರುಳಿ ಮೂಡಿಸಲು ಹೆಚ್ಚು ಬಲ ಬೇಕು. ಹಿಂದಿನಿಂದ ಮದ್ದಿನ ಒತ್ತಡ ಏರುತ್ತದೆ, ನಳಿಗೆಯೊಳಗೆ ತಾಮ್ರ ಮೆತ್ತಿಕೊಳ್ಳುತ್ತದೆ. ಮೊದಲ ಎಕ್ಸ್ ಬುಲೆಟಿನ ಮೇಲೆ ಇದೇ ದೂರು ಇತ್ತು. 2003ರ ಹೊಸ ಗುಂಡಿನಲ್ಲಿ ಬಾರ್ನ್ಸ್‌ನವರು ಸುತ್ತ ಕೆಲವು ಕಾಲುವೆ ಕೊರೆದರು. ಒತ್ತಿದ ತಾಮ್ರಕ್ಕೆ ಹೋಗಲು ಜಾಗ ಸಿಕ್ಕಿತು, ಉಜ್ಜುವ ಮೈ ಕಡಿಮೆಯಾಯಿತು. ದಕ್ಷಿಣ ಆಫ್ರಿಕಾದ ಜಿಎಸ್ ಕಸ್ಟಮ್ ಕಂಪನಿ ಇನ್ನೂ ಮುಂದೆ ಹೋಗಿ, ಗುಂಡಿನ ಮೈ ನಳಿಗೆಗಿಂತ ತೆಳ್ಳಗೆ ಕಡೆದು, ಸಣ್ಣ ಉಂಗುರಗಳು ಮಾತ್ರ ಗೀರು ಹಿಡಿಯುವ ಹಾಗೆ ಮಾಡಿತು.

ಮೂರನೆಯದೇ ದೊಡ್ಡದು. ತಾಮ್ರ ಅರಳಲು ಒಂದು ಕನಿಷ್ಠ ವೇಗ ಬೇಕು. ಬಹಳಷ್ಟು ಬಗೆಯ ಗುಂಡುಗಳಿಗೆ ಅದು ಸೆಕೆಂಡಿಗೆ 550ರಿಂದ 600 ಮೀಟರ್. ಅದಕ್ಕಿಂತ ಕಡಿಮೆಯಾದರೆ ಎಸಳು ಬಿಚ್ಚುವುದೇ ಇಲ್ಲ. ಪೆನ್ಸಿಲ್ ದಪ್ಪದ ತೂತು ಕೊರೆದು ಆಚೆ ಹೋಗುತ್ತದೆ. 850ರಲ್ಲಿ ಹೊರಟ ಗುಂಡು 300 ಮೀಟರ್ ದಾಟುವ ಹೊತ್ತಿಗೆ ಆ ಅಂಚಿನ ಹತ್ತಿರ ಬಂದಿರುತ್ತದೆ. ಸೀಸ ಮೆದುವಾದ್ದರಿಂದ ಕಡಿಮೆ ವೇಗದಲ್ಲೂ ಅರಳುತ್ತದೆ, ತಾಮ್ರಕ್ಕೆ ಆ ದಯೆ ಇಲ್ಲ. ಅದಕ್ಕೇ ಕುಳಿಯ ಅಗಲ, ಆಳ, ಗೋಡೆಯ ದಪ್ಪ, ತಾಮ್ರವನ್ನು ಕಾಯಿಸಿ ಮೆದು ಮಾಡುವ ಹದ, ಇಷ್ಟರ ಸುತ್ತವೇ ವಿನ್ಯಾಸಗಾರರ ತಲೆ ತಿರುಗುವುದು. ಕುಳಿ ದೊಡ್ಡದು ಮಾಡಿದರೆ ದೂರದಲ್ಲಿ ಅರಳುತ್ತದೆ, ಹತ್ತಿರದಲ್ಲಿ ಎಸಳು ಮುರಿದು ಹೋಗುತ್ತದೆ. ಸಣ್ಣದು ಮಾಡಿದರೆ ಹತ್ತಿರದಲ್ಲಿ ಚೆನ್ನ, ದೂರದಲ್ಲಿ ಮೊಂಡು.

ಮಾವ: ಅಂದರೆ ಮೂರು ಮೀಟರಿಗೂ ಮುನ್ನೂರು ಮೀಟರಿಗೂ ಒಂದೇ ಗುಂಡು ಸರಿ ಹೋಗಬೇಕು. ಅದು ಗೊತ್ತಾಗುವುದು ಹೇಗೆ?

ಅಳಿಯ: ಪರೀಕ್ಷೆಯಿಂದ. ಲೇತಿನಿಂದ ಬಂದ ಗುಂಡುಗಳನ್ನು ಮೊದಲು ತೂಗಿ, ಮೈಕ್ರೋಮೀಟರಿನಲ್ಲಿ ಅಳೆದು, ಒಂದಕ್ಕೂ ಇನ್ನೊಂದಕ್ಕೂ ಹೆಚ್ಚುಕಡಿಮೆ ಇಲ್ಲವೆಂದು ನೋಡುತ್ತಾರೆ. ಆಮೇಲೆ ಪರೀಕ್ಷೆಗೆಂದೇ ಇರುವ ನಳಿಗೆಯಲ್ಲಿ ಕಡಿಮೆ ಮದ್ದಿನಿಂದ ಶುರು ಮಾಡಿ ಒತ್ತಡ, ವೇಗ ಅಳೆಯುತ್ತಾರೆ. ಗುರಿ ಹಲಗೆಯಲ್ಲಿ ತೂತುಗಳು ಗುಂಪಾಗಿವೆಯೋ, ದುಂಡಗಿವೆಯೋ ನೋಡುತ್ತಾರೆ. ತೂತು ಉದ್ದಕ್ಕಿದ್ದರೆ ಗುಂಡು ವಾಲಿಕೊಂಡು ಹಾರಿದೆ ಎಂದರ್ಥ. ಆಮೇಲೆ ಜೆಲಾಟಿನ್. ಅಮೆರಿಕದ ಸೈನ್ಯದ ವೈದ್ಯ ಮಾರ್ಟಿನ್ ಫ್ಯಾಕ್ಲರ್ 1980ರ ದಶಕದಲ್ಲಿ ಅದರ ಹದ ಗೊತ್ತು ಮಾಡಿದ. ನೂರಕ್ಕೆ ಹತ್ತು ಪಾಲು ಜೆಲಾಟಿನ್, 4 ಡಿಗ್ರಿ ಸೆಲ್ಸಿಯಸ್ ತಂಪು. ಹದ ಸರಿ ಇದೆಯೇ ಎಂದು ನೋಡಲು ಒಂದು ಸಣ್ಣ ಉಕ್ಕಿನ ಗೋಲಿಯನ್ನು ಸೆಕೆಂಡಿಗೆ 180 ಮೀಟರಿನಲ್ಲಿ ಹೊಡೆಯುತ್ತಾರೆ. ಅದು ಎಂಟೂವರೆ ಸೆಂಟಿಮೀಟರ್ ಆಸುಪಾಸು ಹೊಕ್ಕರೆ ಮಾತ್ರ ಆ ಜೆಲ್ಲಿ ಪರೀಕ್ಷೆಗೆ ಯೋಗ್ಯ.

ಮಾವ: ಜೆಲಾಟಿನ್ ಮಾಡುವುದು ಎಂತದರಿಂದ?

ಅಳಿಯ: ಈ ಪರೀಕ್ಷೆಯದು ಹೆಚ್ಚಾಗಿ ಹಂದಿಯ ಚರ್ಮದಿಂದ.

ಮಾವ: ಅಂತೂ ಪರೀಕ್ಷೆಗೂ ಹಂದಿಯೇ ಬೇಕಾಯಿತು!

ಅಳಿಯ: ಅಲ್ಲಿ ಮೂರು ಲೆಕ್ಕ ತೆಗೆಯುತ್ತಾರೆ. ಎಷ್ಟು ಆಳ ಹೋಯಿತು, ಎಷ್ಟು ಅಗಲ ಅರಳಿತು, ಎಷ್ಟು ತೂಕ ಉಳಿಯಿತು. ಒಂದೇ ವೇಗದಲ್ಲಿ ಅಲ್ಲ. ಕೋವಿಯ ಬಾಯಿಯ ವೇಗದಲ್ಲಿ ಒಮ್ಮೆ, ನೂರು ಮೀಟರಿನ ವೇಗದಲ್ಲಿ, ಇನ್ನೂರರ ವೇಗದಲ್ಲಿ, ಕೊನೆಗೆ ಗುಂಡು ಅರಳದೆ ಸೋಲುವ ತನಕ ಇಳಿಸುತ್ತಾ ಹೋಗುತ್ತಾರೆ. ಆ ಸೋಲಿನ ಅಂಕಿಯನ್ನು ಪೆಟ್ಟಿಗೆಯ ಮೇಲೆ ಮುಚ್ಚುಮರೆಯಿಲ್ಲದೆ ಹಾಕುವವನೇ ಪ್ರಾಮಾಣಿಕ ತಯಾರಕ.

ಮಾವ: ನನಗೊಂದು ಸಂಶಯ. ಹಂದಿ ಜೆಲ್ಲಿ ಅಲ್ಲ. ಗಂಡು ಹಂದಿಯ ಹೆಗಲಿನ ಮೇಲೆ ಗಟ್ಟಿ ತೊಗಲಿನ ಗುರಾಣಿಯೇ ಉಂಟು. ಅದರ ಮೇಲೆ ಕೆಸರು ಒಣಗಿರುತ್ತದೆ. ಒಳಗೆ ಎಲುಬು. ಅದು ನಿಂತು ಪೋಸು ಕೊಡುವುದೂ ಇಲ್ಲ, ಓರೆಯಾಗಿ ಓಡುತ್ತದೆ.

ಅಳಿಯ: ಸರಿಯಾದ ಮಾತು. ಅದಕ್ಕೇ ಜೆಲ್ಲಿಯ ಮುಂದೆ ಎಲುಬು, ಚರ್ಮ ಇಟ್ಟೂ ಹೊಡೆಯುತ್ತಾರೆ. ಜೆಲ್ಲಿ ಹೇಳುವುದು ಒಂದು ಗುಂಡನ್ನು ಇನ್ನೊಂದರ ಜೊತೆ ಹೋಲಿಸಲು ಮಾತ್ರ. ಕೊನೆಯ ಪರೀಕ್ಷೆ ಬೇಟೆಯಲ್ಲೇ. ಸತ್ತ ಪ್ರಾಣಿಯ ಮೈಯಿಂದ ತೆಗೆದ ಗುಂಡನ್ನು ತೊಳೆದು, ತೂಗಿ, ಫೋಟೋ ತೆಗೆದು ಜೋಡಿಸುತ್ತಾರೆ. ಎಲ್ಲ ಕಂಪನಿಯವರೂ ಹೆಮ್ಮೆಯಿಂದ ತೋರಿಸುವುದು ಅದನ್ನೇ, ಅರಳಿದ ನಾಲ್ಕು ಎಸಳು.

ಮಾವ: ಅಲ್ಲೇ ನಿಮ್ಮ ಲೆಕ್ಕ ತಪ್ಪುವುದು ಅಳಿಯ. ನಿಮ್ಮ ಕೈಗೆ ಸಿಗುವುದು ಬಿದ್ದ ಹಂದಿಯ ಗುಂಡು. ಓಡಿಹೋದ ಹಂದಿಯ ಗುಂಡು ಎಲ್ಲುಂಟು? ಅದು ಹಂದಿಯ ಜೊತೆ ಕಾಡಿನೊಳಗೆ. ಅರಳದ ಗುಂಡು, ಎಸಳು ಮುರಿದ ಗುಂಡು, ಎಲುಬಿಗೆ ತಾಗಿ ದಾರಿ ತಪ್ಪಿದ ಗುಂಡು, ಇವು ಯಾವುದೂ ನಿಮ್ಮ ಮೇಜಿನ ಮೇಲೆ ಬರುವುದಿಲ್ಲ. ಗೆದ್ದದ್ದನ್ನು ಮಾತ್ರ ತೂಗಿ ನೂರಕ್ಕೆ ನೂರು ಎಂದರೆ ಯಾರು ನಂಬುವುದು?

ಅಳಿಯ: ಇದನ್ನು ನಾನು ಹೀಗೆ ಯೋಚಿಸಿರಲಿಲ್ಲ ಮಾವ. ಎರಡನೇ ಮಹಾಯುದ್ಧದಲ್ಲಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ ವಿಮಾನಗಳ ಬಗ್ಗೆ ಹೇಳಿದ್ದು ಇದನ್ನೇ. ಮರಳಿ ಬಂದ ವಿಮಾನದ ತೂತು ನೋಡಿ ಲೆಕ್ಕ ಮಾಡಬೇಡಿ, ಬಾರದ ವಿಮಾನಕ್ಕೆ ಎಲ್ಲಿ ತಾಗಿರಬಹುದು ಯೋಚಿಸಿ ಎಂದು. ಹಾಗಾದರೆ ಗುಂಡಿನ ಪರೀಕ್ಷೆಯಲ್ಲಿ ಬರೆದಿಡಬೇಕಾದದ್ದು ಸಿಕ್ಕ ಗುಂಡಿನ ತೂಕ ಮಾತ್ರ ಅಲ್ಲ. ಎಷ್ಟು ಈಡು ಹೊಡೆದರು, ಎಷ್ಟು ಪ್ರಾಣಿ ಬಿತ್ತು, ಬಿದ್ದದ್ದು ಎಷ್ಟು ದೂರ ಓಡಿ ಬಿತ್ತು, ಸಿಗದೇ ಹೋದದ್ದು ಎಷ್ಟು.

ಮಾವ: ಸಿಗದೇ ಹೋದದ್ದನ್ನು ಬರೆಯಲು ಬೇಟೆಗಾರನಿಗೆ ನಾಚಿಕೆ. ಆದರೆ ಬೇಟೆಯ ಒಳ್ಳೆಯ ಬರಹಗಾರರು ಬರೆದದ್ದೆಲ್ಲ ಅದನ್ನೇ. ಕೆನೆತ್ ಆಂಡರ್ಸನ್ನನ ಕಥೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರಲ್ಲ, ಅದರಲ್ಲಿ ಎಷ್ಟೋ ಕಡೆ ಹುಲಿ ಚಿರತೆಗಳು ನರಭಕ್ಷಕ ಆಗುವುದಕ್ಕೆ ಕಾರಣ ಯಾರೋ ಹೊಡೆದು ಬಿಟ್ಟ ಗುಂಡಿನ ಗಾಯ.

ಅಳಿಯ: ಈಗ ನಿಮ್ಮ ಮಾತಿನಿಂದ ಸೀಸದ ವಿಷಯವೂ ನೇರವಾಗುತ್ತದೆ. ಬಿದ್ದ ಹಂದಿಯನ್ನು ಹೂಳಬಹುದು. ಓಡಿಹೋಗಿ ಸತ್ತದ್ದನ್ನು ನರಿ, ಗಿಡುಗ, ಕಾಗೆ ತಿನ್ನುತ್ತವೆ. ಕಾಡಿಗೆ ಸೀಸ ಹೋಗುವ ಒಂದು ದಾರಿ ಅದು. ಹಾಗಾಗಿ ತಾಮ್ರ ಹಾಕಿದರೆ ವಿಷ ಕಡಿಮೆ. ಆದರೆ ಅರಳುವ ವೇಗಕ್ಕಿಂತ ಕೆಳಗೆ ಹೊಡೆದ ತಾಮ್ರ ಪ್ರಾಣಿಯನ್ನು ಕೊಲ್ಲದೆ ಗಾಯ ಮಾತ್ರ ಮಾಡಿ ಓಡಿಸುತ್ತದೆ. ಆಗ ಹದ್ದು ಉಳಿದರೂ ಹಂದಿ ನರಳುತ್ತದೆ.

ಮಾವ: ತಾಮ್ರ ವಿಷ ಅಲ್ವಾ? ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುತ್ತೇವಲ್ಲ, ಮೈಲುತುತ್ತು ತಾಮ್ರವೇ ತಾನೆ.

ಅಳಿಯ: ಹೌದು. ಮೀನಿಗೆ, ಶಿಲೀಂಧ್ರಕ್ಕೆ ತಾಮ್ರ ಕೆಟ್ಟದ್ದೇ. ಹಕ್ಕಿಗೂ ಮನುಷ್ಯನಿಗೂ ಸೀಸದಷ್ಟು ಅಲ್ಲ, ಮೈಗೆ ಸ್ವಲ್ಪ ತಾಮ್ರ ಬೇಕೂ ಬೇಕು. ಲೆಕ್ಕ ನೋಡಿ. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನಲ್ಲಿ ಕಾಲು ಪಾಲು ತಾಮ್ರ, ಅಂದರೆ 250 ಗ್ರಾಂ. ಹತ್ತು ಗ್ರಾಮಿನ ಇಪ್ಪತ್ತೈದು ಗುಂಡಿನಷ್ಟು. ಒಂದೇ ಡ್ರಮ್ಮಿನಲ್ಲಿ ನಿಮ್ಮ ತೋಟಕ್ಕೆ ಬೀಳುವ ತಾಮ್ರ, ಒಬ್ಬ ಬೇಟೆಗಾರ ವರ್ಷವಿಡೀ ಬಳಸುವ ಗುಂಡಿನದ್ದಕ್ಕಿಂತ ಹೆಚ್ಚು ಇದ್ದೀತು.

ಮಾವ: ಆಯ್ತು. ಈಗ ಊರಿಗೆ ಬಾ. ಮಿಜಾರಿನಲ್ಲಿ ಎರಡು ಇಂಜಿನಿಯರಿಂಗ್ ಕಾಲೇಜು ಉಂಟು, ಮೈಟು, ಆಳ್ವಾಸು. ಲೇತು ಉಂಟು, ಕಲಿತ ಮಕ್ಕಳು ಇದ್ದಾರೆ. ನೀವೇ ಒಂದು ತಾಮ್ರದ ಗುಂಡು ಕಡೆಯಬಾರದಾ?

ಅಳಿಯ: ಜೈಲಿಗೆ ಹೋಗಬೇಕಾಗುತ್ತದೆ ಮಾವ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಇಲ್ಲದೆ ಮಾಡಿದರೆ 2019ರ ತಿದ್ದುಪಡಿಯ ನಂತರ ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ. ನಾನು ಕಡೆಯುವುದು ಪಂಪಿನ ಬಿಡಿಭಾಗ, ಅದೇ ಸಾಕು. ಇನ್ನೊಂದು, ನಿಮ್ಮ ಹನ್ನೆರಡು ಬೋರಿಗೆ ಈ ಗುಂಡು ಹೊಂದುವುದಿಲ್ಲ. ಅದರ ನಳಿಗೆ ಒಳಗೆ ನುಣುಪು, ಸುರುಳಿ ಇಲ್ಲ. ತೋಟೆಯ ಚರೆ ಹೊರಡುವುದೇ ಸೆಕೆಂಡಿಗೆ 400 ಮೀಟರ್ ಆಸುಪಾಸಿನಲ್ಲಿ, ತಾಮ್ರ ಅರಳುವ ವೇಗಕ್ಕಿಂತ ಬಹಳ ಕೆಳಗೆ.

ಮಾವ: ರೈಫಲ್ ಇದ್ದವರಿಗೆ?

ಅಳಿಯ: ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಸಿಗುತ್ತಿದ್ದದ್ದು ಈಶಾಪುರದ ಕಾರ್ಖಾನೆಯ .315 ರೈಫಲ್. ಅದರ ತೋಟೆಯ ಮೂಲ ಹತ್ತೊಂಬತ್ತನೇ ಶತಮಾನದ ಕೊನೆಯದ್ದು. ಗುಂಡು ಭಾರ, ವೇಗ ಸೆಕೆಂಡಿಗೆ 700 ಮೀಟರಿಗೂ ಒಳಗೆ. ಅದಕ್ಕೆ ಅಮೆರಿಕದ ಅಳತೆಯ ತಾಮ್ರದ ಗುಂಡು ಹಾಕಿದರೆ ನೂರು ಮೀಟರ್ ದಾಟುವಾಗಲೇ ಅರಳುವ ಅಂಚಿನ ಹತ್ತಿರ ಬಂದಿರುತ್ತದೆ. ಆ ರೈಫಲಿಗೆ ಬೇಕಾದದ್ದು ಬೇರೆಯೇ ವಿನ್ಯಾಸ. ಹಗುರ ಮೈ, ಅಗಲ ಕುಳಿ, ತೆಳು ಗೋಡೆ, ಚೆನ್ನಾಗಿ ಕಾಯಿಸಿ ಮೆದು ಮಾಡಿದ ತಾಮ್ರ. ಪರವಾನಗಿ ಇರುವ ಸರಕಾರಿ ಕಾರ್ಖಾನೆಯವರು ಮನಸ್ಸು ಮಾಡಿದರೆ ಆಗುವ ಕೆಲಸ. ಬೇರೆ ದೇಶದ ಗುಂಡನ್ನು ಹಾಗೇ ನಕಲು ಮಾಡಿದರೆ ಆಗುವುದಿಲ್ಲ.

ಮಾವ: ಯಾರಿಗಾಗಿ ಮಾಡುವುದು? 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯೇ ನಿಂತಿತು. ನನ್ನ ಪರವಾನಗಿ ಬೆಳೆ ಕಾಯುವುದಕ್ಕೆ, ಕೊಲ್ಲುವುದಕ್ಕಲ್ಲ. ಆಕಾಶಕ್ಕೆ ಒಂದು ಈಡು ಹೊಡೆದರೆ ಹಂದಿ ಆಚೆ ತೋಟಕ್ಕೆ ಹೋಗುತ್ತದೆ, ಅಷ್ಟೇ. ಚುನಾವಣೆ ಬಂದರೆ ಆ ಕೋವಿಯನ್ನೂ ಠಾಣೆಯಲ್ಲಿ ಇಟ್ಟು ಬರಬೇಕು. ಹಂದಿಗೆ ನೀತಿ ಸಂಹಿತೆ ಉಂಟಾ?

ಅಳಿಯ: ಕೊಲ್ಲುವುದು ಪೂರ್ತಿ ನಿಂತಿಲ್ಲ ಮಾವ, ಅದು ಸರಕಾರದ ಕೈಗೆ ಹೋಗಿದೆ. ಅದೇ ಕಾಯ್ದೆಯ 11ನೇ ಕಲಮು, ಜೀವಕ್ಕೋ ಬೆಳೆಗೋ ಅಪಾಯವಾದ ಪ್ರಾಣಿಯನ್ನು ಕೊಲ್ಲಲು ಅಧಿಕಾರಿ ಅನುಮತಿ ಕೊಡಬಹುದು ಎನ್ನುತ್ತದೆ. ಗಡಿಯಾಚೆ ಕಾಸರಗೋಡು ಸೇರಿ ಇಡೀ ಕೇರಳದಲ್ಲಿ 2022ರಿಂದ ಪಂಚಾಯತು ಅಧ್ಯಕ್ಷರೇ ಕಾಡುಹಂದಿ ಕೊಲ್ಲಲು ಅಪ್ಪಣೆ ಕೊಡಬಹುದು. ಪರವಾನಗಿ ಇರುವ ಕೋವಿಯವರು ಹೊಡೆಯಬೇಕು. ವಿಷ, ಸ್ಫೋಟಕ, ವಿದ್ಯುತ್ ತಂತಿ ಬಳಸಬಾರದು ಎಂದೂ ಉಂಟು.

ಮಾವ: ಗುಂಡು ಯಾವುದು ಎಂದು ಉಂಟಾ?

ಅಳಿಯ: ಆ ಆದೇಶದ ಮಾತು ಬಂದಾಗ ಜನ ಕೇಳುವುದು ಯಾರು ಹೊಡೆಯಬಹುದು, ಎಲ್ಲಿ ಹೂಳಬೇಕು ಎಂದು. ಎಷ್ಟು ದೂರದಿಂದ, ಎಂತ ಗುಂಡಿನಿಂದ ಎಂಬ ಪ್ರಶ್ನೆ ನಮ್ಮ ಚರ್ಚೆಗೆ ಇನ್ನೂ ಬಂದೇ ಇಲ್ಲ. ವಿಷ ಹಾಕಬಾರದು ಎನ್ನುವವರು ಗುಂಡಿನ ರೂಪದಲ್ಲಿ ಹೋಗುವ ವಿಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಾವ: ಅಹಿಂಸೆ ಸಾರುವ ಜೈನರ ಸಾವಿರ ಕಂಬದ ಬಸದಿಯಿಂದ ಇಷ್ಟೇ ದೂರದಲ್ಲಿ, ಮೂಡುಬಿದಿರೆಯ ಪಕ್ಕದಲ್ಲೇ ಕೂತು ನಾವು ಕೊಲ್ಲುವ ಗುಂಡಿನ ಹದ ಮಾತನಾಡುತ್ತಿದ್ದೇವೆ. ಕೊಲ್ಲದೆ ಆಗುವ ದಾರಿ ಮೊದಲು ನೋಡಬೇಕು. ಬೇಲಿ, ಸೋಲಾರ್ ತಂತಿ, ಬೆಳೆ ನಷ್ಟಕ್ಕೆ ಬೇಗ ಪರಿಹಾರ. ಪರಿಹಾರ ಸರಿಯಾಗಿ ಸಿಕ್ಕಿದರೆ ಅರ್ಧ ಕೋವಿ ಅಟ್ಟದಲ್ಲೇ ಇರುತ್ತದೆ.

ಅಳಿಯ: ಒಪ್ಪಿದೆ. ಆದರೂ ಸರಕಾರ ಒಂದು ದಿನ ಹೊಡೆಯಿರಿ ಎಂದರೆ?

ಮಾವ: ಹಾಗಂದರೆ ಆದೇಶದಲ್ಲೇ ನಾಲ್ಕು ವಿಷಯ ಬರೆಯಲಿ. ಸೀಸ ಬೇಡ. ಗುಂಡು ಯಾವ ವೇಗದಲ್ಲಿ ಅರಳುತ್ತದೆ ಎಂದು ಪರೀಕ್ಷೆ ಮಾಡಿ ಅಂಕಿ ಹೇಳಿ, ಅದರ ಮೇಲೆ ದೂರದ ಮಿತಿ ಹಾಕಬೇಕು. ಈಡು ಹೊಡೆದವನೇ ಜಾಡು ಹಿಡಿದು ಹೋಗಿ ಪ್ರಾಣಿಯನ್ನು ಹುಡುಕಬೇಕು. ಹುಡುಕಿಯೂ ಸಿಗದೇ ಹೋದದ್ದನ್ನು ಬಿದ್ದದ್ದರ ಜೊತೆಗೇ ಲೆಕ್ಕದಲ್ಲಿ ಬರೆಯಬೇಕು. ಈ ನಾಲ್ಕನ್ನು ಬರೆಯಲು ಮನಸ್ಸಿಲ್ಲದ ಇಲಾಖೆ ಹೊಡೆಯುವ ಅಪ್ಪಣೆಯನ್ನೂ ಕೊಡಬಾರದು. ಕೊಟ್ಟರೂ ನನ್ನ ಕೋವಿ ಅದಕ್ಕೆ ಹೊರಗೆ ಬರುವುದಿಲ್ಲ.